ಅಂಗೈಯಗಲದ ರೇಸ್ ಕಾರು: ಆಯ್ಕೆ, ಹದ ಮತ್ತು ಲೆಕ್ಕ

ಮೃಗಶಿರಾ ಮಳೆ ಹಿಡಿದ ಮೇಲೆ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಪೇಟೆಗಳಲ್ಲಿ ವ್ಯಾಪಾರ ಮಂದವಾಗುವುದು ವರ್ತಕರಿಗೆಲ್ಲ ತಿಳಿದ ಸಂಗತಿ. ಅಡಿಕೆಯ ಸುಲಿತ, ಬೇಯಿಸುವಿಕೆ, ಒಣಗಿಸುವಿಕೆ ಮುಗಿದು ಮಾಲು ಮಂಡಿ ಸೇರಿರುತ್ತದೆ. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚಿನ ಕಾಲ ಅದು. ಅಡಿಕೆ ಮನೆಗಳು, ದಾಸ್ತಾನು ಮಳಿಗೆಗಳು, ಸಣ್ಣ ಸಭಾಂಗಣಗಳು ಸೆಪ್ಟೆಂಬರ್‌ವರೆಗೆ ಬಹುಪಾಲು ಖಾಲಿ ಬಿದ್ದಿರುತ್ತವೆ. ಹಳದಿ ಎಲೆ ರೋಗ ದಶಕಗಳಿಂದ ಈ ಮೂರು ತಾಲ್ಲೂಕುಗಳ ತೋಟಗಳನ್ನು ಸವೆಸಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದಕ್ಕೆ ಜೊತೆಯಾಗಿದೆ. ಒಂದೇ ಬೆಳೆಯನ್ನು ನಂಬಿದ ಪೇಟೆಯ ವರ್ತಕನು ಎರಡನೆಯ ಆದಾಯವನ್ನು ಹುಡುಕುವುದು ಇಂತಹ ಸ್ಥಿತಿಯಲ್ಲಿ ಸಹಜ.

ಅಂತಹ ಹುಡುಕಾಟದಲ್ಲಿ ಪರಿಶೀಲನೆಗೆ ಅರ್ಹವಾದ ಒಂದು ವಸ್ತು, ಒಳಾಂಗಣದ ಪುಟ್ಟ ಟ್ರ್ಯಾಕ್ ಮೇಲೆ ಓಡುವ ರೇಡಿಯೋ ನಿಯಂತ್ರಿತ ಕಾರು. ಜಿಲ್ಲೆಗೆ ವಾಹನ ಕ್ರೀಡೆ ಹೊಸದಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು 2016 ಮತ್ತು 2017ರಲ್ಲಿ ಅಲ್ಲಿಯೇ ನಡೆಯಿತು. ನಿಜವಾದ ರ‍್ಯಾಲಿಗೆ ಲಕ್ಷಾಂತರ ರೂಪಾಯಿ ಬೇಕು. ಪುಟ್ಟ ಕಾರಿನ ಓಟಕ್ಕೆ ಒಂದು ಕೋಣೆ ಸಾಕು. ಹಾಗೆಂದು ಕೈಗೆ ಸಿಕ್ಕ ಕಾರನ್ನು ಕೊಂಡು ತಂದವರು ಬಹುಬೇಗ ಕೈಸುಟ್ಟುಕೊಳ್ಳುತ್ತಾರೆ. ಯಾವುದನ್ನು ಕೊಳ್ಳಬೇಕು, ಹೇಗೆ ಹದಗೊಳಿಸಬೇಕು, ಎಷ್ಟು ಬಂಡವಾಳ ಹೂಡಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ: ದಿನವೂ ತಪ್ಪದೆ ಬರೆದ ಪುಸ್ತಕದಲ್ಲಿ.

ಆಟಿಕೆಯೂ ಹವ್ಯಾಸದ ಕಾರೂ ಬೇರೆ

ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಆಟಿಕೆಯ ಸ್ಟಿಯರಿಂಗ್‌ಗೆ ಎಡ, ನೇರ, ಬಲ ಎಂಬ ಮೂರೇ ಸ್ಥಿತಿಗಳು. ಹವ್ಯಾಸದ ದರ್ಜೆಯ ಕಾರಿನಲ್ಲಿ ಚಕ್ರವನ್ನು ಕಾಲುಭಾಗ ತಿರುಗಿಸಿದರೆ ಗಾಡಿಯೂ ಕಾಲುಭಾಗವೇ ತಿರುಗುತ್ತದೆ. ವೇಗವೂ ಬೆರಳಿನ ಒತ್ತಡಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ ಇದು. ಎರಡನೆಯ ಪರೀಕ್ಷೆ ಬಿಡಿಭಾಗಗಳದು. ಟೈರು, ಗೇರು, ಮುಂದಿನ ತೋಳು, ಮೋಟಾರು ಬಿಡಿಯಾಗಿ ದೊರೆಯದ ಕಾರು ಮೊದಲ ಅಪಘಾತದ ದಿನವೇ ಗುಜರಿ ಸೇರುತ್ತದೆ. ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದ ಮಲೆನಾಡಿನ ಪೇಟೆಗೆ ಈ ಪರೀಕ್ಷೆ ಮೊದಲನೆಯದಕ್ಕಿಂತಲೂ ಮುಖ್ಯ. ಐವತ್ತು ರೂಪಾಯಿಯ ಗೇರಿಗಾಗಿ ಗಾಡಿ ಒಂದು ವಾರ ನಿಂತರೆ, ನಷ್ಟವನ್ನು ಗೇರಿನ ಬೆಲೆಯಲ್ಲಲ್ಲ, ನಿಂತ ದಿನಗಳಲ್ಲಿ ಎಣಿಸಬೇಕಾಗುತ್ತದೆ.

ಒಳಾಂಗಣದ ಓಟಕ್ಕೆ ಪ್ರಪಂಚದಾದ್ಯಂತ ರೂಢಿಯಲ್ಲಿರುವ ಅಳತೆಗಳಲ್ಲಿ 1:28 ಪ್ರಮುಖವಾದುದು. 4.2 ಮೀಟರ್ ಉದ್ದದ ನಿಜವಾದ ಕಾರು ಈ ಪ್ರಮಾಣದಲ್ಲಿ 150 ಮಿ.ಮೀ. ಆಗುತ್ತದೆ, ಅಂಗೈ ಚಾಚಿದರೆ ಅದರಲ್ಲಿ ಕೂರುತ್ತದೆ. ಜಪಾನಿನ ಕ್ಯೋಶೋ ಸಂಸ್ಥೆಯು 1999ರಲ್ಲಿ ಮಿನಿ-ಝಡ್ ಎಂಬ ಮಾದರಿಯನ್ನು ಹೊರತಂದ ನಂತರ ಈ ಅಳತೆ ಬೇರೂರಿತು. ಚೀನಾದ ಡಬ್ಲ್ಯುಎಲ್‌ಟಾಯ್ಸ್ ಸಂಸ್ಥೆಯ ಕೆ969, ಕೆ989 ಮಾದರಿಗಳು ಇದೇ ಅಳತೆಯಲ್ಲಿ ಕಡಿಮೆ ಬೆಲೆಗೆ ದೊರೆತ ನಾಲ್ಕು ಚಕ್ರ ಚಾಲನೆಯ ಕಾರುಗಳು. ಮೊದಲನೆಯದರಲ್ಲಿ ನಿಖರತೆ ಮತ್ತು ಬಿಡಿಭಾಗಗಳ ವೈವಿಧ್ಯವಿದೆ. ಎರಡನೆಯದರಲ್ಲಿ ಬೆಲೆಯ ಅನುಕೂಲವಿದೆ.

ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿರುವ ಕಾರು ಹಗುರ, ಸರಳ, ಬಿಡಿಭಾಗ ಕಡಿಮೆ; ಆದರೆ ಹೊಸಬರ ಕೈಯಲ್ಲಿ ಹಿಂಭಾಗ ಬೀಸುತ್ತದೆ. ನಾಲ್ಕು ಚಕ್ರ ಚಾಲನೆಯ ಕಾರು ತಪ್ಪನ್ನು ಕ್ಷಮಿಸುತ್ತದೆ; ಆದರೆ ಸವೆಯುವ ಭಾಗಗಳು ಹೆಚ್ಚು. ಬಾಡಿಗೆಗೆ ಕೊಡುವವರಿಗೆ ನಾಲ್ಕು ಚಕ್ರ ಚಾಲನೆಯೂ, ಕಲಿತು ಸ್ಪರ್ಧಿಸುವವರಿಗೆ ಹಿಂಚಕ್ರ ಚಾಲನೆಯೂ ಹೊಂದುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರವನ್ನೂ ಗಮನಿಸಬೇಕು. ಮಿನಿ-ಝಡ್ ಚಾಸಿಗಳಲ್ಲಿ 86, 90, 94 ಮತ್ತು 98 ಮಿ.ಮೀ. ಅಂತರಗಳು ಬಳಕೆಯಲ್ಲಿವೆ. ಅಂತರ ಕಡಿಮೆಯಾದಷ್ಟೂ ಕಾರು ಚುರುಕಾಗಿ ತಿರುಗುತ್ತದೆ. ಹೆಚ್ಚಾದಷ್ಟೂ ಸ್ಥಿರವಾಗಿ ಓಡುತ್ತದೆ. ಆರಂಭಕ್ಕೆ 94 ಅಥವಾ 98 ಮಿ.ಮೀ. ಕ್ಷೇಮ.

ರೇಡಿಯೋ ಮತ್ತು ಬ್ಯಾಟರಿ

27 ಮೆಗಾಹರ್ಟ್ಸ್ ತರಂಗದ ಹಳೆಯ ಆಟಿಕೆಗಳಲ್ಲಿ ಒಂದೇ ಕಂಪನದ ಎರಡು ಕಾರುಗಳನ್ನು ಒಟ್ಟಿಗೆ ಓಡಿಸಲಾಗದು. ಒಬ್ಬನ ಆಜ್ಞೆ ಇನ್ನೊಬ್ಬನ ಗಾಡಿಯನ್ನು ಕದಲಿಸುತ್ತದೆ. 2.4 ಗಿಗಾಹರ್ಟ್ಸ್ ಪದ್ಧತಿಯಲ್ಲಿ ಪ್ರತಿಯೊಂದು ಕಾರೂ ತನ್ನ ರಿಮೋಟಿನೊಂದಿಗೆ ಜೋಡಿಯಾಗುವುದರಿಂದ ಹಲವು ಕಾರುಗಳು ಏಕಕಾಲಕ್ಕೆ ಓಡಬಲ್ಲವು. ಈ ತರಂಗಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳಿಗೆ ಭಾರತ ಸರ್ಕಾರವು 2005ರ ನಿಯಮಗಳ ಮೂಲಕ ಪರವಾನಗಿಯಿಂದ ವಿನಾಯಿತಿ ನೀಡಿದೆ. ಆದರೂ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಮಾದರಿ ಅನುಮೋದನೆ ಇರಬೇಕು. ಸಗಟು ಪೂರೈಕೆದಾರರಿಂದ ಅದರ ಪ್ರತಿಯನ್ನು ಕೇಳಿ ಪಡೆಯುವುದು ವರ್ತಕರ ಹಿತಕ್ಕೇ ಒಳ್ಳೆಯದು.

ಬ್ಯಾಟರಿಯಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಎಎಎ ಅಳತೆಯ ನಾಲ್ಕು ನಿಕ್ಕಲ್ ಮೆಟಲ್ ಹೈಡ್ರೈಡ್ ಕೋಶಗಳು. ಒಂದೊಂದಕ್ಕೆ 1.2 ವೋಲ್ಟ್‌ನಂತೆ ಒಟ್ಟು 4.8 ವೋಲ್ಟ್. ಎರಡನೆಯದು 7.4 ವೋಲ್ಟ್‌ನ ಲಿಥಿಯಂ ಬ್ಯಾಟರಿ. ಲಿಥಿಯಂ ಹಗುರ ಹಾಗೂ ಬಲಶಾಲಿ. ಆದರೆ ಊದಿಕೊಂಡ ಅಥವಾ ಚುಚ್ಚಿಹೋದ ಲಿಥಿಯಂ ಬ್ಯಾಟರಿ ಬೆಂಕಿಗೆ ಕಾರಣವಾಗಬಲ್ಲದು. ಅದನ್ನು ಕಾವಲಿಲ್ಲದೆ ಚಾರ್ಜಿಗೆ ಹಾಕಬಾರದು. ಮರದ ಛಾವಣಿಯ ಅಡಿಕೆ ಮನೆಯಲ್ಲಿ ಈ ಎಚ್ಚರಿಕೆ ಅನಿವಾರ್ಯ. ಗಾಳಿಮಳೆಗೆ ಗಂಟೆಗಟ್ಟಲೆ ವಿದ್ಯುತ್ ಹೋಗುವ ಮಲೆನಾಡಿನಲ್ಲಿ ಕಾರೊಂದಕ್ಕೆ ಎರಡು ಜೊತೆ ಕೋಶಗಳನ್ನು ಇಟ್ಟುಕೊಂಡು ಸರದಿಯ ಮೇಲೆ ಬಳಸುವ ಪದ್ಧತಿ ಉಚಿತ. ಒಂದು ಜೊತೆಯ ನಾಲ್ಕೂ ಕೋಶಗಳಿಗೆ ಒಂದೇ ಸಂಖ್ಯೆ ಬರೆದು ಅವನ್ನು ಎಂದಿಗೂ ಬೆರೆಸದಿರುವುದು ಅವುಗಳ ಆಯುಷ್ಯವನ್ನು ಹೆಚ್ಚಿಸುತ್ತದೆ. ಸವೆದ ಕೋಶಗಳನ್ನು ಕಸದ ಬುಟ್ಟಿಗೆ ಹಾಕದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಸಂಗ್ರಹಣೆಗೆ ಒಪ್ಪಿಸಬೇಕು.

ಹದಗೊಳಿಸುವ ಕ್ರಮ

ಕಾರು ನಿಧಾನವಾದರೆ ದೊಡ್ಡ ಮೋಟಾರು ಹಾಕುವುದು ಹೊಸಬರ ಮೊದಲ ತಪ್ಪು. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. 6 ಮೀಟರ್ ಉದ್ದದ ಕೋಣೆಯನ್ನು ಕಾರು 1.2 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಇಂತಹ ಟ್ರ್ಯಾಕಿನಲ್ಲಿ ಸಮಯ ಉಳಿಯುವುದು ನೇರ ದಾರಿಯಲ್ಲಲ್ಲ, ತಿರುವಿನಲ್ಲಿ. ತಿರುವು ನಿಂತಿರುವುದು ಟೈರಿನ ಮೇಲೆ. ಆದುದರಿಂದ ಹದಗೊಳಿಸುವ ಕೆಲಸ ನೆಲದಿಂದ ಆರಂಭವಾಗಿ ಮೇಲಕ್ಕೆ ಸಾಗಬೇಕು.

ಮೊದಲನೆಯದು ಸ್ವಚ್ಛತೆ. ಧೂಳು ಹಿಡಿದ ಟೈರು ಎಷ್ಟು ಮೃದುವಾಗಿದ್ದರೂ ಜಾರುತ್ತದೆ. ಅಂಟುಪಟ್ಟಿಯ ಮೇಲೆ ಚಕ್ರವನ್ನು ಉರುಳಿಸಿದರೆ ಧೂಳು ಬಿಡುತ್ತದೆ. ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲುಗಳನ್ನು ಚಿಮಟದಿಂದ ತೆಗೆಯಬೇಕು. ಕಾರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕೂ ಚಕ್ರಗಳು ನೆಲ ಮುಟ್ಟುತ್ತವೆಯೇ, ಕೈಬಿಟ್ಟಾಗ ನೇರವಾಗಿ ಉರುಳುತ್ತದೆಯೇ ಎಂದು ನೋಡಬೇಕು.

ಎರಡನೆಯದು ಟೈರಿನ ಆಯ್ಕೆ. ಹಿಂದಿನ ಟೈರು ಮುಂದಿನದಕ್ಕಿಂತ ಮೃದುವಾಗಿರಲಿ ಎಂಬುದು ಹಿಂಚಕ್ರ ಚಾಲನೆಯ ಕಾರಿಗೆ ಸಾಮಾನ್ಯ ಸೂತ್ರ. ತಿರುವಿನಲ್ಲಿ ಹಿಂಭಾಗ ಬೀಸಿದರೆ ಹಿಂದಿನ ಹಿಡಿತ ಸಾಲದು ಎಂದರ್ಥ. ಹಿಂದಿನ ಟೈರನ್ನು ಇನ್ನೂ ಮೃದುವಾಗಿಸಬೇಕು ಅಥವಾ ಮುಂದಿನದನ್ನು ಗಟ್ಟಿಯಾಗಿಸಬೇಕು. ಮೂತಿ ತಿರುಗದೆ ಗೋಡೆಯತ್ತ ಸರಿದರೆ ಇದರ ವಿರುದ್ಧ ಕ್ರಮ ಬೇಕು. ಫೋಮ್ ಹಾಸಿನ ಟ್ರ್ಯಾಕಿನಲ್ಲಿ ಹಿಡಿತ ಅತಿಯಾಗಿ ಕಾರು ಮಗುಚುವುದೂ ಉಂಟು. ಮುಂದಿನ ಟೈರಿನ ಹೊರ ಅಂಚಿಗೆ ಕ್ಷಿಪ್ರ ಅಂಟಿನ ತೆಳುಲೇಪ ಕೊಟ್ಟು ಒಣಗಿಸಿದರೆ ಅಂಚು ಗಟ್ಟಿಯಾಗಿ ಮಗುಚುವುದು ತಪ್ಪುತ್ತದೆ.

ಮೂರನೆಯದು ಎತ್ತರ ಮತ್ತು ಸ್ಪ್ರಿಂಗು. ಚಾಸಿಯು ನೆಲಕ್ಕೆ ತಾಗದಷ್ಟು ಮಾತ್ರ ಎತ್ತರವಿದ್ದು ಸಾಧ್ಯವಾದಷ್ಟು ಕೆಳಗಿರಬೇಕು. ಹಾಸಿನ ಕೂಡುಗೆರೆಗಳು ಸಮವಾಗಿಲ್ಲದಿದ್ದರೆ ಕೊಂಚ ಏರಿಸಬೇಕಾಗುತ್ತದೆ. ಮುಂದಿನ ಸ್ಪ್ರಿಂಗು ಮೃದುವಾದರೆ ಮುಂಭಾಗದ ಹಿಡಿತ ಹೆಚ್ಚುತ್ತದೆ. ಹಿಂಚಕ್ರ ಚಾಲನೆಯ ಅನೇಕ ಚಾಸಿಗಳಲ್ಲಿ ಮೋಟಾರಿನ ಭಾಗವನ್ನು ಮುಂಭಾಗಕ್ಕೆ ಜೋಡಿಸುವ ಟಿ-ಪ್ಲೇಟ್ ಎಂಬ ಬಳುಕುವ ಪಟ್ಟಿಯಿದೆ. ಮೃದುವಾದ ಪಟ್ಟಿ ಹಿಂದಿನ ಹಿಡಿತವನ್ನು ಹೆಚ್ಚಿಸುತ್ತದೆ. ಗಟ್ಟಿಯಾದದ್ದು ಕಾರನ್ನು ಚುರುಕಾಗಿಸುತ್ತದೆ.

ನಾಲ್ಕನೆಯದು ಡಿಫರೆನ್ಷಿಯಲ್ ಮತ್ತು ಗೇರು. ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಓಡಬೇಕಾದುದರಿಂದ ಡಿಫರೆನ್ಷಿಯಲ್ ನುಣುಪಾಗಿ ತಿರುಗಬೇಕು. ಆದರೆ ವೇಗ ಕೊಟ್ಟಾಗ ಜಾರಬಾರದು. ಗೇರಿನ ಲೆಕ್ಕ ಸರಳವಾದುದು. ಮೋಟಾರಿನ ಹಲ್ಲು 7, ಅಚ್ಚಿನ ಹಲ್ಲು 43 ಇದ್ದರೆ ಚಕ್ರ ಒಮ್ಮೆ ತಿರುಗಲು ಮೋಟಾರು 6 ಬಾರಿಗಿಂತ ತುಸು ಹೆಚ್ಚು ತಿರುಗಬೇಕು. 9 ಮತ್ತು 41 ಆದರೆ ಸುಮಾರು ನಾಲ್ಕೂವರೆ ಬಾರಿ. ಎರಡನೆಯದರಲ್ಲಿ ಗರಿಷ್ಠ ವೇಗ ಹೆಚ್ಚು. ಆದರೆ ತಿರುವಿನಿಂದ ಹೊರಬೀಳುವ ನೆಗೆತ ಕಡಿಮೆ, ಮೋಟಾರಿನ ಬಿಸಿಯೂ ಹೆಚ್ಚು. ಚಿಕ್ಕ ಟ್ರ್ಯಾಕಿಗೆ ಮೊದಲನೆಯದೇ ಲೇಸು. ಐದು ನಿಮಿಷ ಓಡಿದ ಮೇಲೆ ಮೋಟಾರಿನ ಮೇಲೆ ಬೆರಳಿಡಲಾಗದಷ್ಟು ಬಿಸಿಯಿದ್ದರೆ ಗೇರು ತಪ್ಪಿದೆ ಎಂದು ತಿಳಿಯಬೇಕು.

ಕೊನೆಯದು ರಿಮೋಟಿನ ಹೊಂದಾಣಿಕೆ. ಹೊಸಬರಿಗೆ ಗರಿಷ್ಠ ವೇಗವನ್ನು ಅರ್ಧಕ್ಕೆ ಮಿತಿಗೊಳಿಸಿ, ಸ್ಟಿಯರಿಂಗಿನ ತಿರುವನ್ನು ತುಸು ಕಡಿಮೆ ಮಾಡಿಕೊಟ್ಟರೆ ಗಾಡಿಯೂ ಉಳಿಯುತ್ತದೆ, ಉತ್ಸಾಹವೂ ಉಳಿಯುತ್ತದೆ.

ಮಳೆಗಾಲದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ತೇವದ ಗಾಳಿಗೆ ಉಕ್ಕಿನ ಬೇರಿಂಗು, ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ಫೋಮ್ ಹಾಸಿನ ಅಡಿಯಲ್ಲಿ ಬೂಷ್ಟು ಬೆಳೆಯುತ್ತದೆ. ಹಾಸಿನ ಕೆಳಗೆ ಪ್ಲಾಸ್ಟಿಕ್ ಹಾಳೆ, ಕಾರುಗಳಿಗೆ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿ, ವಾರಕ್ಕೊಮ್ಮೆ ಬೇರಿಂಗಿಗೆ ಹನಿ ಎಣ್ಣೆ: ಇವಿಷ್ಟು ಸಾಕು.

ಪುಸ್ತಕ ಹೇಳುವ ಸತ್ಯ

ಈ ಎಲ್ಲ ಬದಲಾವಣೆಗಳನ್ನು ಒಂದೇ ದಿನ ಮಾಡಿದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಹತ್ತು ಸುತ್ತುಗಳ ಓಟ, ಪ್ರತಿ ಸುತ್ತಿನ ಸಮಯದ ದಾಖಲೆ ಎಂಬುದು ನಿಯಮವಾಗಬೇಕು. ದಿನಾಂಕ, ಹವೆ, ಟೈರು, ಗೇರು, ಕೋಶದ ಸಂಖ್ಯೆ, ಅತ್ಯುತ್ತಮ ಸಮಯ, ಸರಾಸರಿ ಎಂದು ಏಳು ಕಾಲಂಗಳ ಪುಸ್ತಕ ಸಾಕು.

ಉದಾಹರಣೆಗೆ, ಒಂದು ಹದದಲ್ಲಿ ಕಾರಿನ ಅತ್ಯುತ್ತಮ ಸುತ್ತು 8.9 ಸೆಕೆಂಡು, ಆದರೆ ಆಗಾಗ ಗೋಡೆಗೆ ತಾಗುವುದರಿಂದ ಸರಾಸರಿ 9.8 ಎಂದಿಟ್ಟುಕೊಳ್ಳೋಣ. ಇನ್ನೊಂದು ಹದದಲ್ಲಿ ಅತ್ಯುತ್ತಮ 9.2, ಸರಾಸರಿ 9.4. ಐದು ನಿಮಿಷದ ಅಂದರೆ 300 ಸೆಕೆಂಡಿನ ಸ್ಪರ್ಧೆಯಲ್ಲಿ ಮೊದಲನೆಯದು 30 ಪೂರ್ಣ ಸುತ್ತು ಮುಗಿಸುತ್ತದೆ; ಎರಡನೆಯದು 31. ನೋಡುಗರು ಚಪ್ಪಾಳೆ ತಟ್ಟುವುದು 8.9ಕ್ಕೆ, ಗೆಲ್ಲುವುದು 9.4. ಒಂದು ತಿಂಗಳ ಭರ್ಜರಿ ಮಾರಾಟವನ್ನು ನೆಚ್ಚಿ ಸಾಲ ಮಾಡುವ ವರ್ತಕನೂ, ಹನ್ನೆರಡು ತಿಂಗಳ ಸರಾಸರಿಯನ್ನು ನೋಡಿ ಹೆಜ್ಜೆಯಿಡುವ ವರ್ತಕನೂ ಇದೇ ಎರಡು ಕಾರುಗಳಂತೆ.

ಕಾನೂನಿನ ಕಟ್ಟಳೆ

14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಉದ್ದೇಶಿಸಿದ ವಸ್ತುಗಳಿಗೆ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 2020 ಅನ್ವಯಿಸುತ್ತದೆ. ಅದು 2021ರ ಜನವರಿ 1ರಿಂದ ಜಾರಿಯಲ್ಲಿದೆ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಮಾನಕವಿದ್ದು, ಐಎಸ್ಐ ಗುರುತಿಲ್ಲದ ಆಟಿಕೆಯ ಮಾರಾಟ ಭಾರತೀಯ ಮಾನಕ ಬ್ಯೂರೋ ಕಾಯ್ದೆ, 2016ರಡಿ ದಂಡನೀಯ. ಪೆಟ್ಟಿಗೆಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದು ಮುದ್ರಿಸಿದ ಮಾತ್ರಕ್ಕೆ, ಸ್ಪಷ್ಟವಾಗಿ ಮಕ್ಕಳಿಗಾಗಿಯೇ ಮಾಡಿದ ವಸ್ತು ಆದೇಶದ ಹೊರಗುಳಿಯದು. ಪೆಟ್ಟಿಗೆಯಲ್ಲಿ ಗರಿಷ್ಠ ಮಾರಾಟ ಬೆಲೆ, ಆಮದುದಾರನ ಹೆಸರು ವಿಳಾಸ, ತಯಾರಾದ ದೇಶ ಇವೆಯೇ ಎಂದೂ ನೋಡಬೇಕು.

ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. ಆಮದು ಕಾರಿನ ಬೆಲೆ ವಿದೇಶದ ಬೆಲೆಪಟ್ಟಿಗಿಂತ ಬಹಳ ಹೆಚ್ಚಿರಲು ಇದು ಮುಖ್ಯ ಕಾರಣ. 2025ರ ಸೆಪ್ಟೆಂಬರ್ 22ರಿಂದ ಸಾಮಾನ್ಯ ಆಟಿಕೆಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಎಲೆಕ್ಟ್ರಾನಿಕ್ ಆಟಿಕೆಗಳಿಗೆ ಶೇ. 18 ಹಾಗೆಯೇ ಉಳಿಯಿತು. ಕಾರನ್ನು ಓಡಿಸಲು ಕೊಟ್ಟು ಹಣ ಪಡೆಯುವುದು ಸೇವೆಯೆನಿಸುತ್ತದೆ. ಈಗಾಗಲೇ ನೋಂದಣಿ ಇರುವ ವರ್ತಕರು ಈ ಆದಾಯವನ್ನೂ ತಮ್ಮ ವಿವರಪಟ್ಟಿಯಲ್ಲಿ ತೋರಿಸಲೇಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸರಕು ವ್ಯಾಪಾರಿಗೆ ಸೇವೆಯ ಮಿತಿ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಯಾವುದು ಹೆಚ್ಚೋ ಅದು.

ಮೂರು ಪೇಟೆಗೆ ಒಂದು ಟ್ರ್ಯಾಕ್

ಈಗ ಬಂಡವಾಳದ ಲೆಕ್ಕ. ಕೆಳಗಿನ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸುವ ಉದಾಹರಣೆ ಮಾತ್ರ. ಓದುಗರು ತಮ್ಮ ಊರಿನ ದರಗಳನ್ನು ತುಂಬಿಕೊಳ್ಳಬೇಕು. ತಲಾ 9,000 ರೂ.ನಂತೆ 6 ಕಾರುಗಳಿಗೆ 54,000; ಫೋಮ್ ಹಾಸು ಮತ್ತು ಅಂಚುಪಟ್ಟಿಗೆ 50,000; ಚಾರ್ಜರು, ಕೋಶ, ಸಮಯಮಾಪಕಕ್ಕೆ 20,000; ಬಿಡಿಭಾಗಗಳಿಗೆ 16,000. ಒಟ್ಟು 1,40,000 ರೂ. ತಿಂಗಳ ಖರ್ಚು ಬಾಡಿಗೆ 6,000, ಸಹಾಯಕ 10,000, ವಿದ್ಯುತ್ 1,000, ಟೈರು-ಗೇರು 4,000. ಕಾರಿಗೆ 24 ತಿಂಗಳು, ಹಾಸು-ಚಾರ್ಜರಿಗೆ 40 ತಿಂಗಳು ಆಯುಷ್ಯವೆಂದು ಹಿಡಿದರೆ ಬದಲಿ ನಿಧಿ 4,000. ಎಲ್ಲ ಸೇರಿ 25,000 ರೂ.

ಹತ್ತು ನಿಮಿಷದ ಓಟಕ್ಕೆ 50 ರೂ. ಪಡೆದರೆ ಖರ್ಚು ಸರಿದೂಗಲು ತಿಂಗಳಿಗೆ 500 ಓಟ ಬೇಕು. 25 ದಿನಕ್ಕೆ ದಿನವೊಂದಕ್ಕೆ 20. ಕಾರುಗಳ ಸಾಮರ್ಥ್ಯಕ್ಕೆ ಇದು ಏನೂ ಅಲ್ಲ. ಆದರೆ ಊರಿನ ಸಾಮರ್ಥ್ಯವೇ ಪ್ರಶ್ನೆ. 500 ಓಟವೆಂದರೆ 100 ಮಕ್ಕಳು ತಿಂಗಳಿಗೆ ತಲಾ ಐದು ಬಾರಿ ಬರಬೇಕು. ಆ 50 ರೂ.ನಲ್ಲಿ ತೆರಿಗೆಯೂ ಅಡಕವಾದರೆ ಕೈಗುಳಿಯುವುದು ಇನ್ನೂ ಕಡಿಮೆ. ಸಣ್ಣ ಪೇಟೆಯೊಂದರಲ್ಲಿ ಪ್ರತ್ಯೇಕ ಮಳಿಗೆ ಹಿಡಿದು ಇದನ್ನೇ ಪೂರ್ಣ ಉದ್ಯೋಗವೆಂದು ನಂಬುವುದು ಆದುದರಿಂದ ವಿವೇಕವಲ್ಲ. ಸ್ವಂತ ದಾಸ್ತಾನು ಮಳಿಗೆಯಿದ್ದು, ಅಂಗಡಿಯ ಸಹಾಯಕನ ಅರ್ಧ ವೇಳೆ ಮಾತ್ರ ಬಳಕೆಯಾದರೆ ಖರ್ಚು 14,000ಕ್ಕೆ ಇಳಿಯುತ್ತದೆ. ಆಗ 280 ಓಟ, ದಿನಕ್ಕೆ ಹನ್ನೊಂದು ಹನ್ನೆರಡು ಸಾಕು.

ಇನ್ನೊಂದು ದಾರಿಯೂ ಇದೆ. ಅರ್ಧ ಮೀಟರ್ ಚೌಕದ ಫೋಮ್ ಹಾಸುಗಳಾದರೆ 6 ಮೀಟರ್ ಉದ್ದ, 4 ಮೀಟರ್ ಅಗಲದ ಟ್ರ್ಯಾಕಿಗೆ 96 ಹಾಸು ಸಾಕು. ಅವನ್ನು ಬಿಚ್ಚಿ ಸಣ್ಣ ಸರಕು ವಾಹನದಲ್ಲಿ ಸಾಗಿಸಬಹುದು. ಕೊಪ್ಪ ನಡುವೆ, ಒಂದು ಮಗ್ಗುಲಿಗೆ ಶೃಂಗೇರಿ, ಇನ್ನೊಂದಕ್ಕೆ ನರಸಿಂಹರಾಜಪುರ. ಮೂರು ಪೇಟೆಗಳ ಮೂವರು ವರ್ತಕರು ಪಾಲುಗೊಂಡು ಭಾನುವಾರಕ್ಕೊಂದು ಊರಿನಂತೆ ಟ್ರ್ಯಾಕನ್ನು ತಿರುಗಿಸಿದರೆ ಬಂಡವಾಳ ಮೂರು ಪಾಲಾಗುತ್ತದೆ, ಗಿರಾಕಿ ಮೂರು ಪಟ್ಟಾಗುತ್ತಾನೆ. ಪಾಲಿನ ಪ್ರಮಾಣ, ಮುರಿದ ಕಾರಿನ ಹೊಣೆ, ಹೊರಬರುವ ಕ್ರಮ ಇವು ಮೊದಲೇ ಬರಹದಲ್ಲಿರಬೇಕು. ಅಂಚುಪಟ್ಟಿ, ಚಾಲಕರು ನಿಲ್ಲುವ ಕಟ್ಟೆ, ರಿಪೇರಿ ಮೇಜು, ಕಾರಿನ ಪೆಟ್ಟಿಗೆ ಇವನ್ನೆಲ್ಲ ಸ್ಥಳೀಯ ಬಡಗಿ ಮತ್ತು ಫ್ಯಾಬ್ರಿಕೇಷನ್ ಘಟಕಗಳೇ ಮಾಡಬಲ್ಲವು. ಆ ಹಣ ಊರಿನಲ್ಲಿಯೇ ಉಳಿಯುತ್ತದೆ.

ಆರಂಭವನ್ನೂ ಅರ್ಧದಲ್ಲಿ ಮಾಡುವುದು ಕ್ಷೇಮ: ಮೂರು ಕಾರು, ಅರ್ಧ ಟ್ರ್ಯಾಕ್, ಸುಮಾರು 70,000 ರೂ., ಹನ್ನೆರಡು ಭಾನುವಾರ. ಈ ಅವಧಿಯಲ್ಲಿ ಬಂದವರ ಹೆಸರು, ಅವರು ಎಷ್ಟನೆಯ ಬಾರಿಗೆ ಬಂದರು ಎಂಬುದನ್ನು ಬರೆದಿಡಬೇಕು. ಮೊದಲ ಬಾರಿ ಬರುವುದು ಕುತೂಹಲ. ಮೂರನೆಯ ಬಾರಿ ಬರುವುದು ಮಾರುಕಟ್ಟೆ. ಮೂರನೆಯ ಬಾರಿಗೆ ಬಂದವರ ಪಟ್ಟಿ ವಾರದಿಂದ ವಾರಕ್ಕೆ ಬೆಳೆದರೆ ಉಳಿದ ಅರ್ಧವನ್ನು ಹೂಡಬಹುದು. ಬೆಳೆಯದಿದ್ದರೆ ಕಾರುಗಳನ್ನು ಮಾರಿ, ನಷ್ಟವನ್ನು ಒಪ್ಪಿಕೊಂಡು ನಿಲ್ಲಿಸಬೇಕು. ಹಳದಿ ಎಲೆ ರೋಗದಿಂದ ಈಗಾಗಲೇ ಬಳಲಿರುವ ಮನೆಯ ಉಳಿತಾಯವನ್ನು ಇನ್ನೊಂದು ತಪ್ಪು ಲೆಕ್ಕಕ್ಕೆ ಒಡ್ಡದಿರುವುದೂ ಒಂದು ಬಗೆಯ ಗಳಿಕೆಯೇ.